ಗೇರ್‌ಬಾಕ್ಸ್‌ನ ಹೊರಕವಚ: ಕಾರ್ಖಾನೆಯದೋ, ಪಂದ್ಯಕ್ಕೆಂದೇ ಎರಕ ಹೊಯ್ದದ್ದೋ?

ನಿಂತಲ್ಲಿಂದ ಹೊರಟು, ನೇರ ದಾರಿಯಲ್ಲಿ ಕಾಲು ಮೈಲಿಯನ್ನು, ಅಂದರೆ ಸುಮಾರು 402 ಮೀಟರನ್ನು, ಎದುರಾಳಿಗಿಂತ ಮೊದಲು ಕ್ರಮಿಸುವುದೇ ಡ್ರ್ಯಾಗ್ ರೇಸ್. 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಶನ್ ಹುಟ್ಟಿದ ಮೇಲೆ ಅಮೆರಿಕದಲ್ಲಿ ಈ ಆಟಕ್ಕೆ ನಿಯಮಗಳ ಚೌಕಟ್ಟು ಬಂತು. ನೋಡುವವರ ಗಮನವೆಲ್ಲ ಎಂಜಿನ್ನಿನ ಅಬ್ಬರದ ಮೇಲೆ, ಹೊಗೆಯುಗುಳುವ ಹಿಂಬದಿಯ ಟಯರುಗಳ ಮೇಲೆ. ಆದರೆ ಎಂಜಿನ್ ಹುಟ್ಟಿಸಿದ ಬಲ ಚಕ್ರವನ್ನು ಮುಟ್ಟುವ ಮೊದಲು ಹಾದುಹೋಗಬೇಕಾದ ಜಾಗ ಗೇರ್‌ಬಾಕ್ಸ್. ಅದರ ಅಲ್ಯೂಮಿನಿಯಂ ಹೊರಕವಚ ಗೇರುಗಳನ್ನೂ ಎಣ್ಣೆಯನ್ನೂ ತುಂಬಿಡುವ ಬರಿಯ ಪೆಟ್ಟಿಗೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಯಂತ್ರದ ದುಡಿಯುವ ಅಂಗಗಳಲ್ಲೊಂದು.

ಈ ಮಾತಿಗೆ ಒಳ್ಳೆಯ ಉದಾಹರಣೆ ಷೆವರ್ಲೆ ಕಂಪನಿಯ ಪವರ್‌ಗ್ಲೈಡ್. 1950ರಲ್ಲಿ ಮಾರುಕಟ್ಟೆಗೆ ಬಂದ ಈ ಸ್ವಯಂಚಾಲಿತ ಗೇರ್‌ಬಾಕ್ಸ್‌ಗೆ ಮುಂದಕ್ಕೆ ಹೋಗಲು ಇದ್ದದ್ದು ಎರಡೇ ಗೇರು. ಮೊದಲು ಬೀಡುಕಬ್ಬಿಣದಲ್ಲಿದ್ದ ಕವಚ 1962ರಿಂದ ಅಲ್ಯೂಮಿನಿಯಂಗೆ ಬದಲಾಯಿತು. 1973ಕ್ಕೆ ತಯಾರಿಕೆಯೇ ನಿಂತಿತು. ಸಂಸಾರ ಸಮೇತ ಪೇಟೆಗೆ ಹೋಗಿಬರುವ ಕಾರುಗಳಿಗೆಂದು ರೂಪಿಸಿದ ಈ ಸಾಧನ ಡ್ರ್ಯಾಗ್ ಪಂದ್ಯದಲ್ಲಿ ಇಂದಿಗೂ ಬಳಕೆಯಲ್ಲಿದೆ. ತೂಕ ಕಡಿಮೆ, ತಾನೇ ನುಂಗುವ ಶಕ್ತಿ ಕಡಿಮೆ, ಓಟದ ನಡುವೆ ಗೇರು ಬದಲಾಗುವುದು ಒಂದೇ ಸಲ ಎಂಬುದು ಈ ದೀರ್ಘಾಯುಷ್ಯಕ್ಕೆ ಕಾರಣ.

ಟಾರ್ಕ್ ಎಂದು ಕರೆಯುವ ತಿರುಚುಬಲವನ್ನು ಹೆಚ್ಚಿಸುವ ಯಾವ ಗೇರ್‌ಬಾಕ್ಸ್ ಆದರೂ ಆ ಹೆಚ್ಚಳದ ಲೆಕ್ಕವನ್ನು ಎಲ್ಲಾದರೂ ತೀರಿಸಲೇಬೇಕು. ಪವರ್‌ಗ್ಲೈಡ್‌ನ ಒಂದು ಮಾದರಿಯಲ್ಲಿ ಮೊದಲ ಗೇರಿನ ಅನುಪಾತ 1.82. ಒಳಬಂದ ತಿರುಚುಬಲ ಒಂದು ಪಾಲಾದರೆ ಹೊರಹೋಗುವುದು 1.82 ಪಾಲು, ನಡುವಿನ 0.82 ಪಾಲಿನ ಪ್ರತಿಬಲವನ್ನು ಒದಗಿಸುವುದು ಕವಚ. ಗೇರು ಗುಂಪಿನ ಒಂದು ಡ್ರಮ್ಮನ್ನು ಉಕ್ಕಿನ ಪಟ್ಟಿಯೊಂದು ಬಿಗಿಯಾಗಿ ಸುತ್ತಿ ಹಿಡಿದು ನಿಲ್ಲಿಸುತ್ತದೆ; ಆ ಪಟ್ಟಿಯ ಒಂದು ತುದಿಗೆ ಆಸರೆ ಕವಚದ ಗೋಡೆಯಲ್ಲಿ ನೆಟ್ಟ ತಿರುಪು. ಎಂಜಿನ್ 1,000 ನ್ಯೂಟನ್ ಮೀಟರ್ ತಿರುಚುಬಲ ಕೊಟ್ಟು, ಅದನ್ನು ಗೇರುಗಳಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಹೊರಡುವ ಗಳಿಗೆಯಲ್ಲಿ ಇಮ್ಮಡಿಸಿತೆಂದರೆ, ಈ ಪಟ್ಟಿಯ ಮೂಲಕ ಕವಚ ತಡೆದುಕೊಳ್ಳಬೇಕಾದದ್ದು 1,640 ನ್ಯೂಟನ್ ಮೀಟರ್.

ಪಂದ್ಯಕ್ಕೆಂದು ಅಳವಡಿಸುವ ಟ್ರಾನ್ಸ್‌ಬ್ರೇಕ್ ಈ ಹೊರೆಯನ್ನು ಇನ್ನಷ್ಟು ಏರಿಸುತ್ತದೆ. ಮೊದಲ ಗೇರನ್ನೂ ಹಿಮ್ಮುಖ ಗೇರನ್ನೂ ಒಟ್ಟಿಗೇ ಹಿಡಿಸಿ, ಗೇರ್‌ಬಾಕ್ಸ್ ಒಳಗಿನಿಂದಲೇ ಬಿಗಿದುಕೊಳ್ಳುವಂತೆ ಮಾಡುವ ವ್ಯವಸ್ಥೆ ಅದು. ಚಾಲಕ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಎಂಜಿನ್ ಭರ್ರೆನ್ನುತ್ತಿದ್ದರೂ ಕಾರು ಕದಲುವುದಿಲ್ಲ. ಆಗ ಕನ್ವರ್ಟರ್ ದಾಟಿ ಬಂದ ಅಷ್ಟೂ ತಿರುಚುಬಲ ಕವಚದಲ್ಲಿಯೇ ಕೊನೆಗೊಳ್ಳುತ್ತದೆ. ಹಿಮ್ಮುಖ ಕ್ಲಚ್ಚಿನ ಉಕ್ಕಿನ ಬಿಲ್ಲೆಗಳ ಅಂಚಿನಲ್ಲಿರುವ ಹಲ್ಲುಗಳು ಕವಚದ ಹಿಂಭಾಗದಲ್ಲಿ ಕೊರೆದ ತೋಡುಗಳಲ್ಲಿ ಕೂತಿರುತ್ತವೆ. ಪ್ರತಿ ಓಟದಲ್ಲೂ ಗಟ್ಟಿ ಉಕ್ಕು ಮೆದು ಅಲ್ಯೂಮಿನಿಯಂನ ಅದೇ ಅಂಚನ್ನು ಒತ್ತುತ್ತದೆ. ಬಳಸಿದ ಕವಚವನ್ನು ತೊಳೆದು ಒಣಗಿಸಿ, ಕೆಂಪು ಶೋಧಕ ದ್ರವ ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿ ಕಾದರೆ, ಆ ತೋಡುಗಳ ಮೂಲೆಯಿಂದ ಕೂದಲೆಳೆಯಂಥ ಕೆಂಪು ಗೆರೆ ಮೂಡುವುದುಂಟು. ಲೋಹ ಒಂದೇ ಏಟಿಗೆ ಮುರಿಯದೆ, ಮರಳಿ ಮರಳಿ ಬಿದ್ದ ಹೊರೆಯಿಂದ ದಣಿದು ಬಿರಿಯತೊಡಗಿದೆ ಎಂಬುದರ ಗುರುತು ಅದು.

ಕಾರ್ಖಾನೆಯ ಕವಚದ ಮಿತಿಗೆ ಅದು ತಯಾರಾದ ಬಗೆಯೇ ಬಹುಪಾಲು ಕಾರಣ. ಲಕ್ಷಗಟ್ಟಲೆ ಕವಚಗಳನ್ನು ಅಗ್ಗವಾಗಿ, ಹಗುರವಾಗಿ, ಬೇಗ ಬೇಗ ಹೊರತರಲು ಒತ್ತಡದ ಎರಕದಷ್ಟು ಅನುಕೂಲವಾದ ವಿಧಾನ ಇನ್ನೊಂದಿಲ್ಲ. ಕರಗಿದ ಅಲ್ಯೂಮಿನಿಯಂ ಉಕ್ಕಿನ ಅಚ್ಚಿನೊಳಗೆ ರಭಸದಿಂದ ನುಗ್ಗಿ, ತೆಳುಗೋಡೆಗಳನ್ನೂ ಸಲೀಸಾಗಿ ತುಂಬುತ್ತದೆ. ಆ ರಭಸದಲ್ಲೇ ಗಾಳಿಯೂ ಸೇರಿಕೊಂಡು ಲೋಹದೊಳಗೆ ಸಣ್ಣ ಸಣ್ಣ ಪೊಳ್ಳುಗಳಾಗಿ ಉಳಿಯುತ್ತದೆ. ಲೋಹ ಅಚ್ಚಿಗೆ ಅಂಟದಿರಲೆಂದು ಇಂಥ ಮಿಶ್ರಲೋಹಗಳಲ್ಲಿ ಕಬ್ಬಿಣದ ಅಂಶವನ್ನು ಬೇಕೆಂದೇ ಹೆಚ್ಚಿಡುತ್ತಾರೆ. ಒತ್ತಡದ ಎರಕಕ್ಕೆ ಹೆಚ್ಚಾಗಿ ಬಳಸುವ ಎ380ರಲ್ಲಿ ಅದು ಶೇ 1.3ರವರೆಗೂ ಇರಬಹುದು. ಲೋಹ ಆರುವಾಗ ಆ ಕಬ್ಬಿಣ ಸೂಜಿಯಾಕಾರದ ಪೆಡಸು ಹರಳುಗಳಾಗಿ ಬೇರ್ಪಟ್ಟು, ಬಿರುಕು ಸುಲಭವಾಗಿ ಸಾಗಲು ದಾರಿ ಮಾಡಿಕೊಡುತ್ತದೆ. ಇಂಥ ಎರಕವನ್ನು ಹೆಚ್ಚಿನ ಉಷ್ಣತೆಯಲ್ಲಿ ಕಾಯಿಸಿ ಹದಗೊಳಿಸೋಣವೆಂದರೆ, ಒಳಗೆ ಸಿಕ್ಕ ಗಾಳಿ ಹಿಗ್ಗಿ ಮೇಲ್ಮೈ ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಅಲ್ಲಲ್ಲಿ ಉಬ್ಬುತ್ತದೆ.

ಪಂದ್ಯಕ್ಕೆಂದೇ ತಯಾರಾಗುವ ಕವಚಗಳ ದಾರಿ ಬೇರೆ. ಇಂಥ ಕೆಲಸಗಳಿಗೆ ಹೆಸರಾದ ಮಿಶ್ರಲೋಹ 356ರ ವರ್ಗದ್ದು. ಇದರಲ್ಲಿ ಸುಮಾರು ಶೇ 7ರಷ್ಟು ಸಿಲಿಕಾನ್, ತುಸು ಮೆಗ್ನೀಸಿಯಂ ಇರುತ್ತದೆ. ಎ356 ಎಂಬ ಶುದ್ಧತರ ಬಗೆಯಲ್ಲಿ ಕಬ್ಬಿಣ ಶೇ 0.2 ಮೀರುವಂತಿಲ್ಲ. ಮರಳಿನ ಅಚ್ಚಿಗೆ ನಿಧಾನವಾಗಿ ಹೊಯ್ದು, ಆಮೇಲೆ ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿ, ನೀರಿಗದ್ದಿ, ಮತ್ತೆ ಹದವಾದ ಬಿಸಿಯಲ್ಲಿಟ್ಟರೆ ಮೆಗ್ನೀಸಿಯಂ ಮತ್ತು ಸಿಲಿಕಾನ್ ಕೂಡಿದ ಅತಿಸೂಕ್ಷ್ಮ ಕಣಗಳು ಲೋಹದ ತುಂಬ ಹರಡಿ ಅದನ್ನು ಬಿಗಿಗೊಳಿಸುತ್ತವೆ. ಟಿ6 ಎಂಬ ಗುರುತು ಸೂಚಿಸುವುದು ಈ ಉಷ್ಣೋಪಚಾರವನ್ನೇ. ಕುತೂಹಲದ ಸಂಗತಿಯೆಂದರೆ, ಎಳೆದು ಮುರಿಯುವ ಪರೀಕ್ಷೆಯಲ್ಲಿ ಎ380 ಇದಕ್ಕಿಂತ ಹಿಂದೆ ಬೀಳುವುದಿಲ್ಲ. ಎಷ್ಟೋ ವೇಳೆ ಅದರ ಅಂಕಿಯೇ ಮುಂದಿರುತ್ತದೆ. ವ್ಯತ್ಯಾಸವಿರುವುದು ಮುರಿಯುವ ಮೊದಲು ಲೋಹ ಎಷ್ಟು ಬಾಗಬಲ್ಲದು ಎಂಬ ತನ್ಯತೆಯಲ್ಲಿ, ಒಳಗೆ ಪೊಳ್ಳಿಲ್ಲದ ಗಟ್ಟಿತನದಲ್ಲಿ, ದಪ್ಪ ಗೋಡೆಗಳಲ್ಲಿ ಮತ್ತು ಹೊರೆ ಬೀಳುವ ಕಡೆಗೇ ಕೊಟ್ಟ ಏಣುಗಳಲ್ಲಿ.

ತಡೆದುಕೊಳ್ಳುವುದು ಕವಚದ ಒಂದು ಕೆಲಸವಾದರೆ, ಒಳಗೇನಾದರೂ ಸಿಡಿದಾಗ ಚೂರುಗಳು ಹೊರಹಾರದಂತೆ ನೋಡಿಕೊಳ್ಳುವುದು ಇನ್ನೊಂದು. ಓಟದ ಕೊನೆಯಲ್ಲಿ, ಹೊರದಂಡ ನಿಮಿಷಕ್ಕೆ 7,000 ಸುತ್ತಿನಲ್ಲಿರುವಾಗ, ಚಾಲಕ ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ 2,000 ಸುತ್ತಿಗೆ ಇಳಿಯಿತೆನ್ನೋಣ. ಆಗ ಯಾವ ಹಿಡಿತವೂ ಇಲ್ಲದ ಡ್ರಮ್ ಗೇರುಗಳ ಲೆಕ್ಕಾಚಾರದಂತೆ ಸುಮಾರು 13,000 ಸುತ್ತಿಗೆ ಏರುತ್ತದೆ. ವೇಗ ಇಮ್ಮಡಿಗೆ ಹತ್ತಿರವಾದರೆ ಚಲನಶಕ್ತಿ ಏರುವುದು ಮೂರೂವರೆ ಪಟ್ಟು. ಡ್ರಮ್ ಆ ವೇಗವನ್ನು ತಾಳದೆ ಒಡೆದರೆ ತೆಳುವಾದ ಎರಕದ ಗೋಡೆ ಅದಕ್ಕೆ ತಡೆಯೇ ಅಲ್ಲ.

ಸಿಡಿದ ಗೇರ್‌ಬಾಕ್ಸ್ ಏನು ಮಾಡಬಲ್ಲದು ಎಂಬುದನ್ನು ಡ್ರ್ಯಾಗ್ ಜಗತ್ತು ಕಂಡದ್ದು 1970ರ ಮಾರ್ಚ್ 8ರಂದು, ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ. ಚಾಲಕ ಡಾನ್ ಗಾರ್ಲಿಟ್ಸ್ ಅವರ ಕಾರಿನಲ್ಲಿದ್ದದ್ದು ಪವರ್‌ಗ್ಲೈಡ್ ಅಲ್ಲ, ಎರಡು ವೇಗದ ಬೇರೊಂದು ಗೇರ್‌ಬಾಕ್ಸ್. ಹೊರಟ ಕೂಡಲೇ ಅದು ಸಿಡಿದು ಕಾರು ಎರಡು ತುಂಡಾಯಿತು. ಗಾರ್ಲಿಟ್ಸ್ ತಮ್ಮ ಬಲಪಾದದ ಒಂದು ಭಾಗವನ್ನು ಕಳೆದುಕೊಂಡರು. ಮರುವರ್ಷ ಅವರು ಎಂಜಿನ್ನನ್ನು ಚಾಲಕನ ಹಿಂದಿಟ್ಟು ಕಟ್ಟಿದ ಕಾರು ಗೆದ್ದು, ಆ ವರ್ಗದ ಕಾರುಗಳ ವಿನ್ಯಾಸವೇ ಬದಲಾಯಿತು.

ಇಂದಿನ ನಿಯಮಗಳ ಹಿಂದಿರುವುದೂ ಇದೇ ಎಚ್ಚರ. ಕಾಲು ಮೈಲಿಯನ್ನು 10.99 ಸೆಕೆಂಡಿನಲ್ಲಿ ಅಥವಾ ಅದಕ್ಕೂ ಬೇಗ ಮುಗಿಸುವ, ಇಲ್ಲವೇ ಗಂಟೆಗೆ 135 ಮೈಲಿ ವೇಗ ಮೀರುವ ಸ್ವಯಂಚಾಲಿತ ಗೇರಿನ ಕಾರಿಗೆ ಎಸ್‌ಎಫ್‌ಐ 4.1 ಮಾನದಂಡದ ರಕ್ಷಾಕವಚ ಕಡ್ಡಾಯ. ಕಾರ್ಖಾನೆಯ ಕವಚ ಬಳಸುವವರು ಅದರ ಮೇಲೆ ಪ್ರತ್ಯೇಕ ಗುರಾಣಿಯನ್ನೋ ಗುಂಡುನಿರೋಧಕ ನೂಲಿನ ಹೊದಿಕೆಯನ್ನೋ ಬಿಗಿಯಬೇಕು. ಪಂದ್ಯದ ಕವಚಗಳಲ್ಲಿ ಹಲವು ತಾವೇ ಆ ಮಾನದಂಡ ಮುಟ್ಟುವುದರಿಂದ ಅವಕ್ಕೆ ಇನ್ನೊಂದು ಹೊದಿಕೆ ಬೇಡ. ಎಂಜಿನ್ನಿಗೆ ಜೋಡಿಸುವ ಗಂಟೆಯಾಕಾರದ ಮುಂಭಾಗ ಅಲ್ಯೂಮಿನಿಯಂ ಪವರ್‌ಗ್ಲೈಡ್‌ನಲ್ಲಿ ಕವಚದ ಜೊತೆಗೇ ಎರಕವಾಗಿ ಬಂದದ್ದು. ಪಂದ್ಯದ ಕವಚದಲ್ಲಿ ಸಾಮಾನ್ಯವಾಗಿ ಬೋಲ್ಟು ಹಾಕಿ ಕೂರಿಸುವ ಬಿಡಿಭಾಗ. ಅದೊಂದನ್ನು ಬದಲಿಸಿದರೆ ಅದೇ ಗೇರ್‌ಬಾಕ್ಸ್ ಫೋರ್ಡ್ ಎಂಜಿನ್ನಿಗೂ ಹೊಂದುತ್ತದೆ.

ಆದ್ದರಿಂದ ಆಯ್ಕೆಯ ಪ್ರಶ್ನೆ ಯಾವುದು ಹೆಚ್ಚು ಗಟ್ಟಿ ಎಂಬಷ್ಟಕ್ಕೆ ಮುಗಿಯುವುದಿಲ್ಲ. ಹನ್ನೊಂದು ಹನ್ನೆರಡು ಸೆಕೆಂಡಿನ ಆಸುಪಾಸಿನಲ್ಲಿ ಓಡುವ, ಟ್ರಾನ್ಸ್‌ಬ್ರೇಕ್ ಇಲ್ಲದ ಹಗುರ ಕಾರಿಗೆ, ಬಿರುಕಿಲ್ಲವೆಂದು ಪರೀಕ್ಷಿಸಿದ ಕಾರ್ಖಾನೆಯ ಕವಚ ಸಾಕು. ಅಲ್ಲಿ ಉಳಿದ ಹಣ ಒಳಗಿನ ಡ್ರಮ್ಮನ್ನು ಉಕ್ಕಿಗೆ ಬದಲಿಸಲು ಒದಗಿದರೆ ಇನ್ನೂ ಮೇಲು. ಕಾರು ಭಾರವಾದಂತೆ, ಟಯರಿನ ಹಿಡಿತ ಹೆಚ್ಚಿದಂತೆ, ಟ್ರಾನ್ಸ್‌ಬ್ರೇಕಿನ ಬಳಕೆ ಮೇಲಿಂದ ಮೇಲೆ ಆದಂತೆ ತಕ್ಕಡಿ ಹೊಸ ಕವಚದ ಕಡೆಗೆ ವಾಲುತ್ತದೆ. 1973ರ ನಂತರ ಹಳೆಯ ಕವಚಗಳು ತಯಾರಾಗಿಲ್ಲ. ಇಂದು ಸಿಗುವ ಪ್ರತಿಯೊಂದರ ಹಿಂದೆಯೂ ದಶಕಗಳ ಬಳಕೆಯಿದೆ ಎಂಬುದನ್ನೂ ಇದಕ್ಕೆ ಸೇರಿಸಬೇಕು. ಹಳೆಯ ಕವಚವನ್ನು ರೂಪಿಸಿದ ಎಂಜಿನಿಯರುಗಳು ತಪ್ಪಿದ್ದಲ್ಲ. ಎದುರಿಗಿದ್ದ ಕೆಲಸಕ್ಕೆ ಎಷ್ಟು ಲೋಹ ಬೇಕೋ ಅಷ್ಟನ್ನೇ ಅವರು ಬಳಸಿದರು. ಕೆಲಸ ಬದಲಾದಾಗ ಲೋಹದ ಲೆಕ್ಕವನ್ನೂ ಹೊಸದಾಗಿ ಹಾಕಬೇಕಾಗುತ್ತದೆ.