ನೀಲಿ ಪರದೆಯೂ ಬೆಂಗಳೂರಿನ ತರ್ಕವೂ

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಲ್ಲಾಗಲಿ, ಅರಕಲಗೂಡು ಚನ್ನರಾಯಪಟ್ಟಣಗಳ ಹಳ್ಳಿಗಳಲ್ಲಾಗಲಿ, ಹಿಂದೆ ಕಾಗದಪತ್ರಗಳಿಂದ ನಡೆಯುತ್ತಿದ್ದ ಎಷ್ಟೋ ವ್ಯವಹಾರಗಳು ಇಂದು ಕಂಪ್ಯೂಟರಿನ ಮೂಲಕ, ಅದರಲ್ಲಿಯೂ ತಂತಿಯ ಹಂಗಿಲ್ಲದ ವೈಫೈ ಮೂಲಕ ನಡೆಯತೊಡಗಿರುವುದರಿಂದ, ಪಹಣಿಯ ಪ್ರತಿ ತೆಗೆಯುವಾಗಲೋ ಪರೀಕ್ಷೆಯ ಶುಲ್ಕ ಕಟ್ಟುವಾಗಲೋ ಪರದೆಯು ಹಠಾತ್ತನೆ ನೀಲಿಯಾಗಿ ಯಂತ್ರವು ಸ್ತಬ್ಧವಾಗುವುದು ಕ್ಷುಲ್ಲಕ ಸಂಗತಿಯೆನಿಸದು. ಆಗ ಬಹುಮಂದಿಗೆ ದೊರೆಯುವ ಸಲಹೆ ಒಂದೇ: “ಫಾರ್ಮ್ಯಾಟ್ ಮಾಡಿಸಿಬಿಡಿ.” ಕಾರಣವನ್ನು ವಿಚಾರಿಸದೆ ಕೈಗೊಳ್ಳುವ ಈ ಉಪಾಯದಿಂದ ಅನೇಕ ವರ್ಷಗಳ ಕಡತಗಳೂ ಭಾವಚಿತ್ರಗಳೂ ನಷ್ಟವಾಗುವುದುಂಟು, ದೋಷವಾದರೋ ಎಷ್ಟೋ ವೇಳೆ ವೈಫೈ ಅಡಾಪ್ಟರಿನ ಡ್ರೈವರ್ ಎಂಬ ಕಿರುತಂತ್ರಾಂಶದಲ್ಲಿ ಅಡಗಿರುತ್ತದೆ.

ಅಡಾಪ್ಟರ್ ಗ್ರಹಿಸಿದ ರೇಡಿಯೋ ತರಂಗಗಳ ಮಾಹಿತಿಯನ್ನು ವಿಂಡೋಸ್ ಮೊದಲಾದ ವ್ಯವಸ್ಥೆಗಳಿಗೆ ಒಪ್ಪಿಸತಕ್ಕದ್ದು ಈ ಡ್ರೈವರ್. ಬ್ರೌಸರ್ ಕೆಟ್ಟರೆ ಅದೊಂದೇ ಮುಚ್ಚಿಹೋಗುತ್ತದೆ. ಡ್ರೈವರಾದರೋ ವ್ಯವಸ್ಥೆಯ ಗರ್ಭವಾದ ಕರ್ನಲ್ಲಿನೊಳಗೇ ನೆಲೆಸಿ, ಒಂದು ಕೋಣೆಯನ್ನು ಗುಡಿಸಲು ಬಂದವನಿಗೆ ಇಡೀ ಮನೆಯ ಬೀಗದ ಕೈಗೊಂಚಲನ್ನೇ ಒಪ್ಪಿಸಿದಂತೆ, ಸಮಸ್ತ ಮೆಮೊರಿಯನ್ನೂ ಮುಟ್ಟಬಲ್ಲ ಅಧಿಕಾರವನ್ನು ಪಡೆದಿರುತ್ತದೆ. ಅದು ಮುಟ್ಟಬಾರದ ಸ್ಥಾನವನ್ನು ಮುಟ್ಟಿತೆಂದು ಕಂಡುಬಂದೊಡನೆ, ಮಾಹಿತಿ ಇನ್ನಷ್ಟು ಕೆಡದಿರಲೆಂದು ವಿಂಡೋಸ್ ತನ್ನ ಕಾರ್ಯವನ್ನು ತಾನೇ ನಿಲ್ಲಿಸುತ್ತದೆ. ನಮ್ಮನ್ನು ಗಾಬರಿಗೊಳಿಸುವ ನೀಲಿ ಪರದೆಯು ವಸ್ತುತಃ ಒಂದು ರಕ್ಷಣಾಕ್ರಮ.

ವೈಫೈಯ ಮೂಲವಾದ 802.11 ಎಂಬ ಮಾನಕವು 1997ರಲ್ಲಿ ಪ್ರಕಟವಾಯಿತು. 1999ರಲ್ಲಿ ಅದರ ವೇಗವು ಸೆಕೆಂಡಿಗೆ 11 ಮೆಗಾಬಿಟ್‌ಗೆ ಏರಿತು. 2003ರಲ್ಲಿ ಇಂಟೆಲ್ ಸಂಸ್ಥೆಯ ಸೆಂಟ್ರಿನೋ ಬಂದ ಮೇಲೆ ಲ್ಯಾಪ್‌ಟಾಪುಗಳಲ್ಲಿ ವೈಫೈ ಸಾಮಾನ್ಯವಾಯಿತು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಅಲ್ಪಶಕ್ತಿಯ ಸಾಧನಗಳಿಗೆ ಪರವಾನಗಿಯಿಲ್ಲದೆ ತೆರೆದ ನಿಯಮಗಳು ಹೊರಬಿದ್ದುದು 2005ರ ಜನವರಿಯಲ್ಲಿ. ಹೀಗೆ ವೈಫೈ ಹರಡಿದಂತೆ, ಜಾಲಗಳನ್ನು ಅರಸುವುದು, ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವುದು, ಬ್ಯಾಟರಿ ಉಳಿಸಲು ಮಲಗಿ ಮತ್ತೆ ಏಳುವುದು, ಹೊರಗಿನಿಂದ ಸಿಕ್ಕಿಸುವ ವೈಫೈ ಡಾಂಗಲನ್ನು ಹಠಾತ್ತನೆ ಕಿತ್ತರೂ ಎದೆಗೆಡದಿರುವುದು, ಇವೆಲ್ಲವೂ ಏಕಕಾಲದಲ್ಲಿ ಡ್ರೈವರಿನ ಹೊಣೆಯಾದವು; ಹೊಣೆ ಹೆಚ್ಚಿದಂತೆ ತಪ್ಪಿಗೆ ಅವಕಾಶವೂ ಹೆಚ್ಚಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾದ ವೈಫಲ್ಯಗಳಲ್ಲಿ ಶೇಕಡಾ 85ರಷ್ಟಕ್ಕೆ ಎಲ್ಲ ಬಗೆಯ ಡ್ರೈವರುಗಳೇ ಕಾರಣವೆಂದು ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 2003ರಲ್ಲಿ ಬರೆದರು.

ಇಷ್ಟರಲ್ಲಾಗಲೇ ಮೈಕ್ರೋಸಾಫ್ಟ್ ಸಂಸ್ಥೆಯ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಎಂಬ ಇಬ್ಬರು ವಿದ್ವಾಂಸರು ‘ಸ್ಲ್ಯಾಮ್’ ಎಂಬ ಯೋಜನೆಯನ್ನು ಕೈಗೊಂಡಿದ್ದರು. ಒಂದು ಮಾಹಿತಿಯನ್ನು ಏಕಕಾಲದಲ್ಲಿ ಇಬ್ಬರು ಮುಟ್ಟದಂತೆ ಕಾಯುವ ‘ಲಾಕ್’ ಅನ್ನು ಪಡೆದು, ಅದನ್ನು ಬಿಡದೆ ಅದನ್ನೇ ಮತ್ತೊಮ್ಮೆ ಪಡೆಯಕೂಡದು ಎಂಬಂಥ ನಿಯಮವೊಂದನ್ನು ಡ್ರೈವರು ಎಂದಾದರೂ ಮೀರೀತೇ ಎಂಬುದನ್ನು, ಅದನ್ನು ಓಡಿಸದೆಯೇ ಗಣಿತದಿಂದ ನಿರ್ಣಯಿಸುವುದು ಅವರ ಗುರಿ. ಮೊದಲು ತಂತ್ರಾಂಶವನ್ನು ಸತ್ಯ–ಮಿಥ್ಯಗಳೆರಡೇ ಉಳಿದ ಸರಳ ರೂಪಕ್ಕೆ ಇಳಿಸಿ, ಅದರಲ್ಲಿ ದೋಷವೆಂದು ತೋರಿದ ಮಾರ್ಗವು ಮೂಲದಲ್ಲಿಯೂ ಸಾಧ್ಯವೇ ಎಂದು ಪರೀಕ್ಷಿಸಿ, ಅಸಾಧ್ಯವಾದರೆ ರೂಪವನ್ನು ಸೂಕ್ಷ್ಮಗೊಳಿಸಿ ಮತ್ತೆ ಶೋಧಿಸುವ ಈ ವಿಧಾನವೇ ಮುಂದೆ ‘ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್’ ಎಂಬ ಹೆಸರಿನಿಂದ ಡ್ರೈವರ್ ಬರೆಯುವವರ ಕೈಸೇರಿತು.

2005ರಲ್ಲಿಯೇ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧನಾಲಯವು ಸ್ಥಾಪಿತವಾಗಿ, ಮುಂದೆ ರಾಜಮಣಿಯವರು ಅಲ್ಲಿಗೆ ಬಂದು ಕ್ರಮೇಣ ಅದರ ಮುಖ್ಯಸ್ಥರೂ ಆದರು. ಅಲ್ಲಿ ಅವರೂ ಆದಿತ್ಯ ನೋರಿಯವರೂ ಸಹೋದ್ಯೋಗಿಗಳೊಡನೆ ರೂಪಿಸಿದ ‘ಯೋಗಿ’ ಎಂಬ ಸಾಧನವು ತಂತ್ರಾಂಶವನ್ನು ಓಡಿಸಿ ನೋಡುವ ಪರೀಕ್ಷೆಯನ್ನೂ, ದೋಷವಿಲ್ಲವೆಂದು ಸಾಧಿಸುವ ತರ್ಕವನ್ನೂ ಒಂದಕ್ಕೊಂದು ನೆರವಾಗುವಂತೆ ಬೆಸೆದು, ಆ ವೆರಿಫೈಯರಿನೊಳಗೂ ಸ್ಥಾನ ಪಡೆಯಿತು. ಹಳೇಕೋಟೆಯ ಗೃಹಸ್ಥನ ನೆಮ್ಮದಿಗೂ ಬೆಂಗಳೂರಿನ ಈ ತರ್ಕಕ್ಕೂ ನಿಜವಾದ ಸಂಬಂಧವುಂಟು. ‘ಸ್ಲ್ಯಾಮ್’ ಯೋಜನೆಗಾಗಿ ಬಾಲ್ ಮತ್ತು ರಾಜಮಣಿಯವರಿಗೆ 2011ರಲ್ಲಿ, ಕಂಪ್ಯೂಟರಿನ ನೆರವಿನಿಂದ ತಂತ್ರಾಂಶಾದಿಗಳನ್ನು ಪರಿಶೀಲಿಸುವ ಕ್ಷೇತ್ರದ ಸಿ.ಎ.ವಿ. ಪ್ರಶಸ್ತಿಯು ಸಂದಿತು.

ಹಾಗೆಂದು ದೋಷಗಳೆಲ್ಲ ನಿರ್ಮೂಲವಾಗಲಿಲ್ಲ. ವೆರಿಫೈಯರು ತನಗೆ ತಿಳಿಸಿದ ನಿಯಮಗಳನ್ನು ಮಾತ್ರ ಪರೀಕ್ಷಿಸಬಲ್ಲುದು. ಆದಕಾರಣ, ಶಂಕಿಸಿ ಪರೀಕ್ಷಿಸಿ ಮತ್ತೆ ಶೋಧಿಸುವ ಆ ವಿದ್ವಾಂಸರ ಕ್ರಮವನ್ನೇ ನಾವೂ ಅನುಸರಿಸತಕ್ಕದ್ದು. ನೀಲಿ ಪರದೆಯ ಮೇಲಿನ ಸಂಕೇತವನ್ನೂ ಅಲ್ಲಿ ಕಡತದ ಹೆಸರಿದ್ದರೆ ಅದನ್ನೂ ಬರೆದುಕೊಳ್ಳಿರಿ. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರನ್ನು ಕೆಲಕಾಲ ನಿಷ್ಕ್ರಿಯಗೊಳಿಸಿ ನೋಡಿರಿ. ಯಂತ್ರವು ಸ್ಥಿರವಾಗಿ ನಡೆದರೆ ಸಂಶಯವು ಡ್ರೈವರಿನ ಮೇಲೆ ಬಲವಾಗುತ್ತದೆ, ಆಗಲೂ ನಿಂತರೆ ರ‍್ಯಾಮ್ ಮೊದಲಾದುವನ್ನು ಪರೀಕ್ಷಿಸಬೇಕಾಗುತ್ತದೆ. ಹೊಸ ಅಪ್‌ಡೇಟಿನ ಬಳಿಕ ತೊಂದರೆ ಮೊದಲಾಗಿದ್ದರೆ ಹಿಂದಿನ ಡ್ರೈವರಿಗೆ ಮರಳಿರಿ. ಇಲ್ಲವಾದರೆ ಯಂತ್ರವನ್ನು ತಯಾರಿಸಿದವರಿಂದಲೇ ಸರಿಯಾದುದನ್ನು ಪಡೆಯಿರಿ. ನಿದ್ರಾಸ್ಥಿತಿಯಿಂದ ಏಳುವಾಗ ಮಾತ್ರ ಕೆಡುವುದಾದರೆ, ವಿದ್ಯುತ್ ಉಳಿಸಲು ಅಡಾಪ್ಟರನ್ನು ಆರಿಸುವ ಅನುಮತಿಯನ್ನು ತೆಗೆದು ನೋಡಿರಿ. ಇಷ್ಟೆಲ್ಲ ಮಾಡಿಯೂ ಫಲಿಸದಿದ್ದರೆ, ಕಡತಗಳ ಪ್ರತಿಯನ್ನು ಬೇರೆಡೆ ಜೋಪಾನವಾಗಿ ಇರಿಸಿಕೊಂಡ ಮೇಲೆಯೇ ಫಾರ್ಮ್ಯಾಟಿಗೆ ಒಪ್ಪಿರಿ.