ಹೊರಡುವ ಹಕ್ಕಿಗಳ ತಿಂಗಳು

ಮಾರ್ಚ್ ಕಳೆಯುವ ಹೊತ್ತಿಗೆ ಮೈಸೂರು ಸೀಮೆಯ ಯಾವುದಾದರೂ ಕೆರೆಯಂಚಿಗೆ ಹೋಗಿ, ಹಸಿಮಣ್ಣಿನ ಮೇಲೆ ಬಾಲ ಕುಣಿಸುತ್ತ ಓಡಾಡುವ ಹಳದಿ ಸಿಪಿಲೆಗಳ ತಲೆಯನ್ನು ನೋಡಬೇಕು. ಡಿಸೆಂಬರಿನಲ್ಲಿ ಇವು ಹೆಚ್ಚುಕಡಿಮೆ ಒಂದೇ ಬಗೆ: ಮಾಸಲು ಬೆನ್ನು, ಮಂಕು ಹಳದಿ ಹೊಟ್ಟೆ. ಈಗ ಒಂದರ ತಲೆ ಕಡುಗಪ್ಪು, ಇನ್ನೊಂದರದು ಗಾಢ ಬೂದು, ಮತ್ತೊಂದರದು ತಿಳಿಬೂದು, ಅದರ ಮೇಲೊಂದು ಬಿಳಿ ಹುಬ್ಬು. ಕರಿತಲೆಯವು ಬಾಲ್ಕನ್ ನಾಡುಗಳಿಂದ ಮಧ್ಯ ಏಷ್ಯಾದವರೆಗೆ ಹರಡಿದ ಬಯಲುಗಳಲ್ಲಿ ಮರಿ ಮಾಡುವ ಬಳಗ. ಗಾಢ ಬೂದು ತಲೆಯವು ಸ್ಕ್ಯಾಂಡಿನೇವಿಯಾ ಮತ್ತು ಸೈಬೀರಿಯಾದ ಉತ್ತರದ ಅಂಚಿಗೆ ಸೇರಿದವು. ತಿಳಿಬೂದಿನವು ಕಜಕಸ್ತಾನ, ಪಶ್ಚಿಮ ಸೈಬೀರಿಯಾದ ಕಡೆಯವು. ಚಳಿಗಾಲವಿಡೀ ಒಂದೇ ದನದ ಮಂದೆಯ ಕಾಲಬುಡದಲ್ಲಿ ಹುಳ ಹೆಕ್ಕಿಕೊಂಡಿದ್ದ ಹಕ್ಕಿಗಳು ಹೊರಡುವ ಮುನ್ನ ತಮ್ಮ ತಮ್ಮ ಸೀಮೆಯ ಗುರುತು ತೊಡುತ್ತವೆ. ಯಾವ ಉಂಗುರವೂ ಉಪಗ್ರಹವೂ ಇಲ್ಲದೆ, ಒಂದು ದುರ್ಬೀನಿನಲ್ಲಿ ಇಷ್ಟು ತಿಳಿಯುತ್ತದೆ.

ವಲಸೆ ಹಕ್ಕಿ ಎಂದರೆ ನಮ್ಮಲ್ಲಿ ನವೆಂಬರಿನ ಸುದ್ದಿ. ಕೆರೆಗೆ ಬಾತುಗಳು ಇಳಿದವೆಂದು ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಜನ ನೋಡಲು ಹೋಗುತ್ತಾರೆ, ಸಂಕ್ರಾಂತಿ ಮುಗಿಯುವಷ್ಟರಲ್ಲಿ ಎಲ್ಲರ ಗಮನವೂ ಬೇರೆಡೆಗೆ ತಿರುಗುತ್ತದೆ. ಆದರೆ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಹೊರಡುವ ಕಾಲವೇ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಬರುವಾಗ ಅವು ದಣಿದು, ಗರಿ ಸವೆದು, ಬಣ್ಣಗೆಟ್ಟು ಬಂದಿರುತ್ತವೆ. ಹೋಗುವಾಗಿನ ಹಕ್ಕಿಯೇ ಬೇರೆ. ಬಿಳಿಹುಬ್ಬಿನ ಬಾತು ಬರುವಾಗ ಗಂಡು ಯಾವುದು ಹೆಣ್ಣು ಯಾವುದು ಎಂದು ಹೇಳುವುದೇ ಕಷ್ಟ. ಗಂಡಿನ ಆ ಅಗಲವಾದ ಬಿಳಿ ಹುಬ್ಬು ಪೂರ್ತಿ ಮೂಡುವುದು ಚಳಿಗಾಲ ಇಳಿಯುವಾಗ. ತಂತಿಯ ಮೇಲೆ ಸಾಲುಗಟ್ಟುವ ಕವಲುತೋಕೆಗಳು ಇಲ್ಲಿದ್ದಾಗಲೇ ರೆಕ್ಕೆಬಾಲಗಳ ಗರಿಗಳನ್ನು ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತವೆ. ಮಾರ್ಚಿನಲ್ಲಿ ಬಾಲದ ಎರಡು ಎಳೆಗಳು ನೀಳವಾಗಿ ಕಾಣುತ್ತವೆ. ಗುಲಾಬಿ ಕಬ್ಬಕ್ಕಿಯದು ಇನ್ನೂ ಸೋಜಿಗ. ಅದು ಹೊಸ ಗರಿ ತೊಡುವುದಿಲ್ಲ. ಇರುವ ಗರಿಗಳ ಮಂಕು ತುದಿ ಸವೆದು ಸವೆದು ಒಳಗಿನ ಗುಲಾಬಿ ಹೊರಬೀಳುತ್ತದೆ. ಎಲೆ ಉದುರಿಸಿ ಹೂಬಿಟ್ಟ ಮುತ್ತುಗ, ಬೂರುಗದ ಮರಗಳಲ್ಲಿ ಈ ಹಿಂಡುಗಳು ಮಕರಂದಕ್ಕೆ ಕಿತ್ತಾಡುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಹೋಗುವುದು ಬರುವುದಕ್ಕಿಂತ ಕಷ್ಟವೂ ಹೌದು. ಪಟ್ಟೆತಲೆ ಹೆಬ್ಬಾತನ್ನೇ ನೋಡಿ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇವು ಚಳಿಗಾಲದಲ್ಲಿ ಬರುತ್ತವೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ತೊಡಿಸಿದ ಹೆಬ್ಬಾತುಗಳು ಹದಿನಾರಿನಲ್ಲಿ ಕಂಡಿವೆ, ಆದ್ದರಿಂದ ಇವು ಎಲ್ಲಿಂದ ಬಂದವು ಎಂಬುದು ಊಹೆಯ ಮಾತಲ್ಲ. ಹಗಲೆಲ್ಲ ನೀರಿನಲ್ಲಿ ತೇಲಿ, ಹೊತ್ತು ಇಳಿದ ಮೇಲೆ ಹೊಲಗದ್ದೆಗಳಿಗೆ ಇಳಿಯುತ್ತವೆ. ಮಾಗಡಿಯ ಸುತ್ತ ಶೇಂಗಾ, ಕಡಲೆ. ಹದಿನಾರಿನ ಕಡೆ ಭತ್ತದ ಕೂಳೆ. ಹೀಗೆ ಮೇಯ್ದದ್ದು ಮೈಯಲ್ಲಿ ಕೊಬ್ಬಾಗಿ ಕೂರುತ್ತದೆ, ದಾರಿಗೆ ಅದೇ ಬುತ್ತಿ.

ಶರತ್ಕಾಲದಲ್ಲಿ ಹಿಮಾಲಯ ದಾಟುವಾಗ ಅವು ಟಿಬೆಟಿನ ಎತ್ತರದ ಪ್ರಸ್ಥಭೂಮಿಯಿಂದ ಹೊರಟಿರುತ್ತವೆ, ಅರ್ಧ ಎತ್ತರ ಆಗಲೇ ಕೈಗೆ ಸಿಕ್ಕಿರುತ್ತದೆ. ವಸಂತದಲ್ಲಿ ಹಾಗಲ್ಲ. ಗಂಗೆಯ ಬಯಲಿನಿಂದ ನೇರ ಮೇಲೇರಬೇಕು. 2011ರಲ್ಲಿ ಪ್ರಕಟವಾದ ಉಪಗ್ರಹ ಅಧ್ಯಯನವೊಂದರಲ್ಲಿ ಹೆಬ್ಬಾತುಗಳು 7-8 ಗಂಟೆಗಳಲ್ಲಿ 4,000ದಿಂದ 6,000 ಮೀಟರ್ ಏರಿದ್ದು ಕಂಡುಬಂತು, ಅದೂ ಬೆನ್ನಗಾಳಿಯ ನೆರವಿಲ್ಲದೆ. ಆಮೇಲಿನ ಅಧ್ಯಯನದಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಹಗಲಿನ ಗಾಳಿ ಬೆಟ್ಟದ ಮೇಲ್ಮುಖವಾಗಿ ಬೀಸುತ್ತದೆ. ಅದನ್ನು ಬಳಸಿಕೊಳ್ಳಬಹುದಿತ್ತಲ್ಲ ಎಂದು ನಮಗೆ ತೋರುತ್ತದೆ. ಆದರೆ ಅವು ಹೆಚ್ಚಾಗಿ ಆರಿಸಿಕೊಳ್ಳುವುದು ರಾತ್ರಿಯನ್ನೋ ನಸುಕನ್ನೋ. ಆಗ ಗಾಳಿ ತಣ್ಣಗೆ, ದಟ್ಟವಾಗಿರುತ್ತದೆ. ರೆಕ್ಕೆಗೆ ಹಿಡಿತ ಸಿಗುತ್ತದೆ, ಉಸಿರಿಗೆ ಆಮ್ಲಜನಕವೂ ತುಸು ಹೆಚ್ಚು. ಅವುಗಳ ರಕ್ತದ ಹಿಮೋಗ್ಲೋಬಿನ್ನೂ ಬಯಲು ನಾಡಿನ ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ. ಎವರೆಸ್ಟ್ ನೆತ್ತಿಯ ಮೇಲೆ ಹಾರುತ್ತವೆಂಬ ಪರ್ವತಾರೋಹಿಗಳ ಕಥೆ ಬಹಳ ಪ್ರಸಿದ್ಧ. ಅಳೆದು ನೋಡಿದ ಸತ್ಯವೇ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ: ಕಣಿವೆ ಹಿಡಿದು, ನೆಲದ ಏರಿಳಿತದ ಜೊತೆ ತಾವೂ ಏರಿ ಇಳಿದು, ಶಕ್ತಿ ಉಳಿಸಿಕೊಂಡು ಹೋಗುತ್ತವೆ.

ಹೊರಡುವ ಹೊತ್ತಾಯಿತೆಂದು ಅವಕ್ಕೆ ಹೇಳುವವರು ಯಾರು? ಹಗಲು ಉದ್ದವಾಗುವುದನ್ನು ನೋಡಿ ಎಂಬುದು ಶಾಲೆಯ ಉತ್ತರ. ಆದರೆ ಮೈಸೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಜರ್ಮನಿಯ ವಿಜ್ಞಾನಿ ಎಬರ್ಹಾರ್ಡ್ ಗ್ವಿನ್ನರ್ ಪುಟ್ಟ ಉಲಿಯಕ್ಕಿಗಳನ್ನು ಹಗಲಿರುಳಿನ ಅಳತೆ ಬದಲಾಗದ ಕೋಣೆಗಳಲ್ಲಿ ಸಾಕಿ ನೋಡಿದರು. ಹೊರಗಿನ ಯಾವ ಸೂಚನೆಯೂ ಇಲ್ಲದಿದ್ದರೂ ಅವು ಗರಿ ಬದಲಿಸಿದವು, ಕೊಬ್ಬು ಕೂಡಿಸಿದವು, ಹಾರುವ ಕಾಲ ಬಂದಾಗ ರಾತ್ರಿಯಿಡೀ ಚಡಪಡಿಸಿದವು. ವರ್ಷದ ಲೆಕ್ಕ ಮೈಯೊಳಗೇ ಇದೆ; ಹಗಲಿನ ಬೆಳಕು ಅದನ್ನು ಸರಿಹೊಂದಿಸುತ್ತದೆ ಅಷ್ಟೆ.

ಆ ಚಡಪಡಿಕೆ ನಮ್ಮ ಹಿತ್ತಲಲ್ಲೂ ಕಿವಿಗೆ ಬೀಳುತ್ತದೆ. ದಾಸವಾಳದ ಬೇಲಿಯಲ್ಲಿ ಸೆಪ್ಟೆಂಬರಿನಿಂದ ಅಡಗಿಕೊಂಡು ‘ಚೆಕ್, ಚೆಕ್’ ಎಂದಷ್ಟೇ ಹೇಳುತ್ತಿದ್ದ ಬ್ಲಿತ್‌ನ ಜೊಂಡು ಉಲಿಯಕ್ಕಿ ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಹಾಡತೊಡಗುತ್ತದೆ. ಮೊದಲು ತಡವರಿಸಿ, ಒಂದೇ ತುಣುಕನ್ನು ಮತ್ತೆ ಮತ್ತೆ ತಿರುವಿ, ನಾಲ್ಕಾರು ದಿನಗಳಲ್ಲಿ ಉದ್ದುದ್ದ ಹಾಡಾಗಿ. ಅದರ ತೂಕ ಹತ್ತು ಹನ್ನೆರಡು ಗ್ರಾಂ. ಈ ಹಾಡು ಕೇಳಿಸಬೇಕಾದ ಹೆಣ್ಣು, ಫಿನ್ಲೆಂಡಿನಿಂದ ಸೈಬೀರಿಯಾದವರೆಗೆ ಹಬ್ಬಿದ ಅದರ ನಾಡಿನಲ್ಲಿ ಎಲ್ಲೋ ಸಿಗಬೇಕು. ಮರದ ಮೇಲಿನ ಹಸುರು ಉಲಿಯಕ್ಕಿಯೂ ಹೀಗೆಯೇ ಹಾಡುತ್ತದೆ, ಅದರ ಮೈ ಇನ್ನೂ ಹಗುರ. ಕಣ್ಣಿಗೆ ಬೀಳದ ಹಕ್ಕಿಗಳೆಂದು ಇವನ್ನು ಬಹಳ ಜನ ಪಟ್ಟಿಯಿಂದಲೇ ಬಿಡುತ್ತಾರೆ. ನಮ್ಮೂರಿನ ಬೇಲಿಯಲ್ಲಿ ಏಳೆಂಟು ತಿಂಗಳು ಬಾಳಿದ ಹಕ್ಕಿಯನ್ನು ಬಿಡುವುದು ನನಗೆ ಸಹಿಸದ ಸಂಗತಿ.

ನವರಂಗವನ್ನೂ ಈಗಲೇ ಕೇಳಬೇಕು. ತರಗೆಲೆ ದಪ್ಪಗೆ ಬಿದ್ದ ತೋಪುಗಳಲ್ಲಿ ಬೆಳಕು ಹರಿಯುವಾಗ ಮತ್ತು ಮುಳುಗುವಾಗ ಅದರ ಎರಡು ಸ್ವರದ ಸಿಳ್ಳು. ಏಪ್ರಿಲ್-ಮೇ ಹೊತ್ತಿಗೆ ಇವು ಮಧ್ಯ ಭಾರತದ ಕಾಡುಗಳಿಗೆ, ಹಿಮಾಲಯದ ತಪ್ಪಲಿಗೆ ಹೊರಡುತ್ತವೆ. ಉತ್ತರ ಕರ್ನಾಟಕದ ಬಿಳಿಜೋಳದ ಹೊಲಗಳಲ್ಲಿ ಚಳಿಗಾಲ ಕಳೆದ ಕರಿತಲೆಯ ಬಂಟಿಂಗ್ ಹಿಂಡುಗಳು ರಾಶಿ ಮುಗಿಯುವ ಹೊತ್ತಿಗೆ ಇರಾನ್, ಟರ್ಕಿಯ ದಾರಿ ಹಿಡಿಯುತ್ತವೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ, ಮಲ್ಪೆಯ ಮರಳಿನಲ್ಲಿ ಬೂದಿಬಣ್ಣದ ಪುಟ್ಟ ಗೊರವಗಳ ಎದೆಗೆ ಇಟ್ಟಿಗೆಗೆಂಪು ಏರಿರುತ್ತದೆ.

ಬಂದದ್ದು ಕಂಡ ದಿನವೇ ತಿಳಿಯುತ್ತದೆ. ಹೋದದ್ದು ತಿಳಿಯುವುದು ಕೆಲವು ದಿನ ಕಾಣದೆ ಹೋದಾಗ. ಆದ್ದರಿಂದಲೇ ಮೊದಲ ದಿನಾಂಕಗಳು ಎಲ್ಲರ ಟಿಪ್ಪಣಿಯಲ್ಲೂ ಇರುತ್ತವೆ, ಕೊನೆಯ ದಿನಾಂಕಗಳು ಅಪರೂಪ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ನೆಲೆ ಪಡೆದು 2007ರಲ್ಲಿ ಶುರುವಾದ ‘ಮೈಗ್ರಂಟ್‌ವಾಚ್’ ವಲಸೆ ಹಕ್ಕಿಗಳ ದಿನಾಂಕಗಳನ್ನು ಸಾಮಾನ್ಯ ಜನರಿಂದಲೇ ಕೂಡಿಸಿತು. ಮುಂದೆ ಆ ಕೆಲಸ ಹಕ್ಕಿ ದಾಖಲೆಗಳ ಜಾಲತಾಣ ‘ಇ-ಬರ್ಡ್’ಗೆ ಸೇರಿತು. ಅಲ್ಲಿ ಹಕ್ಕಿ ಕಾಣದ ದಿನದ ಪಟ್ಟಿಗೂ ಕಂಡ ದಿನದ ಪಟ್ಟಿಯಷ್ಟೇ ಬೆಲೆ. ಕಾಣಲಿಲ್ಲ ಎಂದು ಬರೆದವರಿದ್ದಾಗ ಮಾತ್ರ ‘ಕೊನೆಗೆ ಕಂಡಿತು’ ಎಂಬುದಕ್ಕೆ ಅರ್ಥ ಬರುತ್ತದೆ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಸುಮಾರು 30,000 ವೀಕ್ಷಕರ 3 ಕೋಟಿ ದಾಖಲೆಗಳ ಮೇಲೆ ನಿಂತಿದೆ. 942 ಪ್ರಭೇದಗಳನ್ನು ಅದು ಪರಿಶೀಲಿಸಿತು. ದೂರದ ವಲಸೆ ಹಕ್ಕಿಗಳು ಊರ ಹಕ್ಕಿಗಳಿಗಿಂತ ಹೆಚ್ಚು ಕುಸಿದಿವೆ ಎಂದು ಅದು ಹೇಳುತ್ತದೆ.

ಆ ಕುಸಿತಕ್ಕೆ ಕಾರಣ ಸೈಬೀರಿಯಾದಲ್ಲೂ ಇರಬಹುದು, ದಾರಿಯಲ್ಲೂ ಇರಬಹುದು. ನಮ್ಮ ಕೈಯಲ್ಲಿರುವುದು ನಮ್ಮ ಕೆರೆ. ಹೊರಡುವ ಹಕ್ಕಿ ಮೈಗೂಡಿಸಿಕೊಳ್ಳಬೇಕಾದ ತಿಂಗಳುಗಳಲ್ಲೇ, ನೀರು ಇಳಿದಿದೆಯೆಂದು, ಹೂಳೆತ್ತುವ ಯಂತ್ರಗಳೂ ಇಳಿಯುತ್ತವೆ. ಹೂಳು ತೆಗೆಯಬೇಕು, ರೈತರಿಗೆ ಆ ಮಣ್ಣು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಟ್ಟೆಯಂತಿದ್ದ ಕೆರೆಯನ್ನು ಬೋಗುಣಿಯಂತೆ ಕಡಿದಾಗಿ ತೋಡಿ, ಸುತ್ತ ಕಲ್ಲು ಕಟ್ಟಿ ನಡಿಗೆ ದಾರಿ ಮಾಡಿದರೆ ಗೊರವಗಳಿಗೂ ಸಿಪಿಲೆಗಳಿಗೂ ಕಾಲೂರುವ ಜಾಗವೇ ಉಳಿಯುವುದಿಲ್ಲ. ಒಂದು ಕಡೆಯ ಅಂಚನ್ನಾದರೂ ಇಳಿಜಾರಾಗಿ, ಕೆಸರಾಗಿ ಬಿಡಬೇಕು. ಮಾಗಡಿ ಕೆರೆಯೂ ಅಘನಾಶಿನಿ ಅಳಿವೆಯೂ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದವು, ಸಂತೋಷ. ಪಟ್ಟಿಗೆ ಸೇರದ ನೂರಾರು ಊರ ಕೆರೆಗಳಲ್ಲೂ ಇವೇ ಹಕ್ಕಿಗಳು ಮೇಯುತ್ತವೆ.

ಎಲ್ಲ ಹೋಗುವ ಕಾಲದಲ್ಲಿ ಬರುವವೂ ಇವೆ. ಶ್ರೀರಂಗಪಟ್ಟಣದ ಬಳಿಯ ನಗುವನಹಳ್ಳಿಗೆ ನೀಲಿಬಾಲದ ಕಳ್ಳಿಪೀರಗಳು ಯುಗಾದಿಯ ಆಸುಪಾಸಿನಲ್ಲಿ ನೆರೆಯುತ್ತವೆ, ಮುಂಗಾರು ಹಿಡಿಯುವವರೆಗೂ ಇರುತ್ತವೆ. ಕಾವೇರಿ ದಂಡೆಯ ಮೆದುಮಣ್ಣಿನಲ್ಲಿ ಗಂಡುಹೆಣ್ಣುಗಳೆರಡೂ ಕೊಕ್ಕಿನಿಂದ ಅಗೆದು, ಕಾಲಿನಿಂದ ಮಣ್ಣು ಹಿಂದಕ್ಕೆ ಚಿಮ್ಮಿ, ಒಂದು ಮೀಟರಿಗೂ ಮಿಕ್ಕಿ ಸುರಂಗ ತೋಡಿ ಅದರ ಕೊನೆಯಲ್ಲಿ ಮೊಟ್ಟೆಯಿಡುತ್ತವೆ. ಏರೋಪ್ಲೇನ್ ಚಿಟ್ಟೆಯನ್ನು ಗಾಳಿಯಲ್ಲೇ ಹಿಡಿದು, ಕೊಂಬೆಗೆ ಬಡಿದು ಮರಿಗೆ ಒಯ್ಯುತ್ತವೆ. ಇಂಥ ಮಣ್ಣಿನ ದಂಡೆಗಳು ಬಹಳ ಇಲ್ಲ. ಮಣ್ಣು ಅಗೆದು ಸಾಗಿಸಿದರೆ ಗೂಡಿನ ಸಾಲೇ ಹೋಗುತ್ತದೆ. ಛಾಯಾಗ್ರಾಹಕರು ಬಿಲದ ಬಾಯಿಗೆ ಒತ್ತಿ ಕೂತಾಗ ಕೊಕ್ಕಿನಲ್ಲಿ ಹುಳ ಹಿಡಿದ ಹಕ್ಕಿ ಒಳಹೋಗಲಾರದೆ ತಂತಿಯ ಮೇಲೆ ಕಾಯುತ್ತಿರುತ್ತದೆ, ಒಳಗೆ ಮರಿ ಹಸಿದಿರುತ್ತದೆ. ದೂರದ ಮರದ ನೆರಳಿನಿಂದ ದುರ್ಬೀನಿನಲ್ಲಿ ನೋಡಿದರೂ ಎಲ್ಲ ಕಾಣುತ್ತದೆ.

ಈ ವಾರ ಹೊರಡುವವರಿಗೆ: ಬೆಳಿಗ್ಗೆ ಆರೂವರೆಗೆ ಕೆರೆಯ ಕೆಸರಂಚಿನಲ್ಲಿ ಹಳದಿ ಸಿಪಿಲೆಗಳ ತಲೆಬಣ್ಣ ನೋಡಿ. ಏಪ್ರಿಲ್ ಕೊನೆಯವರೆಗೂ ಹಿತ್ತಲಿನ ಬೇಲಿಗೆ ಕಿವಿಗೊಡಿ. ದಿನಾಂಕ, ಜಾಗ, ಕಂಡ ಹಕ್ಕಿ, ಎಷ್ಟು ಎಂಬುದನ್ನು ಬರೆದಿಡಿ. ಮರುದಿನವೂ ಅದೇ ಬೇಲಿಗೆ ಹೋಗಿ, ಸದ್ದಿಲ್ಲದಿದ್ದರೆ ಅದನ್ನೂ ಬರೆಯಿರಿ.