ಮೋಟಾರು ದೊಡ್ಡದಾದರೆ ನೀರು ಹೆಚ್ಚುತ್ತದೆಯೇ?

ನಾನು ಓದಿದ್ದು ಏಳನೇ ಕ್ಲಾಸು. ಚಳ್ಳಕೆರೆ ಸೀಮೆಯಲ್ಲಿ ಮಳೆ ನಂಬಿ ಶೇಂಗಾ, ನವಣೆ ಬೆಳೆಯುವವನು. ನಮ್ಮೂರಿನ ಕುಡಿಯುವ ನೀರಿನ ಮೋಟಾರು ಎರಡು ವರ್ಷದಲ್ಲಿ ಮೂರು ಸಲ ಸುಟ್ಟಿತು. ಸುಟ್ಟಾಗಲೆಲ್ಲ ವಾರಗಟ್ಟಲೆ ಹೆಣ್ಣುಮಕ್ಕಳು ಅರ್ಧ ಮೈಲಿ ದೂರದ ತೋಟದ ಬೋರಿಗೆ ಕೊಡ ಹೊತ್ತರು. ಮೂರನೇ ಸಲ ಒಬ್ಬ ಅಜ್ಜಿ ನನ್ನ ತಡೆದು, "ದೊಡ್ಡ ಮೋಟಾರು ಹಾಕ್ಸಿದೋನು ನೀನೇ ಅಲ್ವೇನಪ್ಪ?" ಅಂದಳು.

ಮಾತು ನಿಜ. ಮೊದಲಿದ್ದದ್ದು ಏಳೂವರೆ ಎಚ್‌ಪಿ. ಟ್ಯಾಂಕು ತುಂಬೋದು ನಿಧಾನ ಆಗ್ತಿತ್ತು. ನೀರಿನ ಸಮಿತಿಯಲ್ಲಿ ಹನ್ನೆರಡೂವರೆ ಹಾಕ್ಸಿ ಅಂತ ಹಠ ಹಿಡಿದವನು ನಾನೇ.

ತಪ್ಪು ಎಲ್ಲಿದೆ ಅಂತ ತೋರಿಸಿದ್ದು ನಮ್ಮ ನೀರಗಂಟಿ. "ಅಣ್ಣಾ, ಒಂದು ಗಂಟೆ ಓಡಿದ ಮೇಲೆ ಪೈಪು ಬುಸುಗುಟ್ಟುತ್ತೆ" ಅಂದ. ಬೋರು ಕೊಡುವುದಕ್ಕಿಂತ ಜಾಸ್ತಿ ನೀರನ್ನು ಮೋಟಾರು ಎಳೀತಿತ್ತು. ನೀರು ಕೆಳಗಿಳಿದು ಪಂಪು ಒಣಗಿ ಓಡಿ ಸುಡುತ್ತಿತ್ತು.

ಅಳೆದು ನೋಡಿದೆವು

ಮಾರ್ಚ್ ತಿಂಗಳಲ್ಲಿ, ಗಾಳಿ ಬಾರದ ಹಾಗೆ ವಾಲ್ವು ಬಿಗಿ ಮಾಡಿ ಮೂರು ಗಂಟೆ ಓಡಿಸಿದೆವು. ಆಮೇಲೆ 200 ಲೀಟರಿನ ಡ್ರಮ್ಮು ಹಿಡಿದೆವು. ತುಂಬಲು 80 ಸೆಕೆಂಡು. ಅಂದರೆ ಸೆಕೆಂಡಿಗೆ ಎರಡೂವರೆ ಲೀಟರು, ಗಂಟೆಗೆ 9,000 ಲೀಟರು.

ಬೇಕಾದದ್ದೆಷ್ಟು? 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರು. ನಮ್ಮೂರು ಸಾವಿರ ಜನ, 55,000 ಲೀಟರು. ಆರು ಗಂಟೆ ಚಿಲ್ಲರೆ ಓಡಿದರೆ ಆಯ್ತು. ಬೋರಿನ ನೀರು ಸಾಕಿತ್ತು!

ಹಾಗಾದರೆ ಮೊದಲ ಮೋಟಾರಿಗೆ ತಡ ಯಾಕಾಗ್ತಿತ್ತು? ಪೈಪಿನಿಂದ. ಬೋರಿನಿಂದ ಟ್ಯಾಂಕಿಗೆ 1,500 ಮೀಟರು ದೂರ, ಹಾಕಿದ್ದು ಎರಡಿಂಚು, ಅಂದರೆ 63 ಮಿ.ಮೀ. ಪಿವಿಸಿ. ಓಡಿಸುವಾಗ ನೀರು ನಿಲ್ಲುವ ಆಳ 80 ಮೀಟರು, ಅಲ್ಲಿಂದ ಮೇಲೆ ಟ್ಯಾಂಕಿನ ಬಾಯಿಗೆ 20, ಒಟ್ಟು 100. ಇದರ ಮೇಲೆ ಪೈಪಿನೊಳಗಿನ ತಿಕ್ಕಾಟವೇ ಸುಮಾರು 27 ಮೀಟರು ಎತ್ತರಕ್ಕೆ ಸಮ. ಮೂರಿಂಚು, ಅಂದರೆ 90 ಮಿ.ಮೀ. ಪೈಪಾದರೆ ಅದು 5 ಮೀಟರಿಗೆ ಇಳಿಯುತ್ತೆ ಅಂತ ಒಬ್ಬ ಇಂಜಿನಿಯರು ಲೆಕ್ಕ ಹಾಕಿ ತೋರಿಸಿದರು.

ಎಚ್‌ಪಿ ಲೆಕ್ಕ ನಾವೂ ಮಾಡಬಹುದು

ಸೆಕೆಂಡಿನ ಲೀಟರನ್ನು ಒಟ್ಟು ಎತ್ತರದ ಮೀಟರಿನಿಂದ ಗುಣಿಸಿ, 75ರಿಂದ ಭಾಗಿಸಿ. ಪಂಪು ನೂರಕ್ಕೆ 55ರಷ್ಟು ಕೆಲಸ ಮಾಡುತ್ತೆ ಅಂತ ಹಿಡಿದು, ಬಂದದ್ದನ್ನು 0.55ರಿಂದ ಭಾಗಿಸಿ. ಎರಡಿಂಚು ಪೈಪಿಗೆ 127 ಮೀಟರು, 7.7 ಎಚ್‌ಪಿ ಬಂತು. ಅಂಗಡಿಯಲ್ಲಿ ಹತ್ತರದ್ದೇ ಕೊಳ್ಳಬೇಕು. ಮೂರಿಂಚಿಗೆ 105 ಮೀಟರು, 6.4 ಎಚ್‌ಪಿ, ಏಳೂವರೆ ಸಾಕು. ಕರೆಂಟಿನಲ್ಲಿ ಆರರಲ್ಲೊಂದು ಪಾಲು ಉಳಿತಾಯ.

ಪೈಪು ಬದಲಿಸಿದೆವು. ಏಳೂವರೆ ಎಚ್‌ಪಿ ಇಳಿಸಿ, ನೀರು ಕಡಿಮೆಯಾದರೆ ತಾನೇ ನಿಲ್ಲುವ ಸಾಧನ ಸ್ಟಾರ್ಟರಿಗೆ ಸೇರಿಸಿದೆವು. ಪೈಪಿಗೆ ದುಡ್ಡು ಹೆಚ್ಚು ಬಿತ್ತು. ಆದರೆ ಅದು ಒಂದು ಸಲದ ಖರ್ಚು. ಕರೆಂಟು ಬಿಲ್ಲು ತಿಂಗಳು ತಿಂಗಳೂ. ಟ್ಯಾಂಕು 200 ಮೀಟರು ದೂರದಲ್ಲೇ ಇದ್ದಿದ್ದರೆ ಎರಡಿಂಚು ಪೈಪಿನ ತಿಕ್ಕಾಟ ನಾಲ್ಕು ಮೀಟರೂ ಆಗ್ತಿರಲಿಲ್ಲ, ಬದಲಿಸುವ ಅಗತ್ಯವಿರಲಿಲ್ಲ. ಅದಕ್ಕೇ ಪಕ್ಕದೂರಿನವರು ಹಾಕಿದ್ದನ್ನು ನೋಡಿ ಹಾಕಬೇಡಿ.

ಈಗ ಮೂರು ಬೇಸಿಗೆ ಕಳೆದಿವೆ, ಮೋಟಾರು ಮೇಲೆತ್ತಿಲ್ಲ. ಬೋರು ಒಂದೇ ಸಮ ಇರಲ್ಲ ಅಂತ ಪ್ರತಿ ಮಾರ್ಚಿಗೂ ಡ್ರಮ್ಮು ಹಿಡೀತೀವಿ. ನಿಮ್ಮೂರಲ್ಲೂ "ದೊಡ್ಡ ಮೋಟಾರು ಹಾಕ್ಸಿ" ಅಂತ ಯಾರಾದರೂ ಎದ್ದರೆ, ಜಗಳ ಆಡಬೇಡಿ. ಒಂದು ಡ್ರಮ್ಮು, ಒಂದು ಗಡಿಯಾರ ಅವರ ಕೈಗೆ ಕೊಡಿ.